ಕೆಟ್ಟ ಕನಸು ಮತ್ತು ಕಿಳ್ಳೇಕ್ಯಾತ: ತೊಗಲುಗೊಂಬೆಯಿಂದ ಕುಷಾಯಿಗೂಡದ ಟಿ.ವಿ.ವರೆಗೆ

ಹೈದರಾಬಾದಿನ ಈಶಾನ್ಯ ಅಂಚಿನಲ್ಲಿರುವ ಕುಷಾಯಿಗೂಡವು ಇಂದು ಬಸ್ ಡಿಪೊ, ಕೈಗಾರಿಕಾ ವಸಾಹತು ಮತ್ತು ಒತ್ತಾದ ವಸತಿ ಬಡಾವಣೆಗಳಿಂದ ತುಂಬಿದ ನಗರಭಾಗವಾಗಿದ್ದರೂ, ಅದಕ್ಕೆ ಈ ರೂಪ ಬಂದದ್ದು 1967ರ ಏಪ್ರಿಲ್‌ನಲ್ಲಿ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಜನರು ಇ.ಸಿ.ಐ.ಎಲ್. ಎಂದು ಕರೆಯುವ ಸಂಸ್ಥೆ, ಅದರ ಮಗ್ಗುಲಲ್ಲಿ ನೆಲೆಗೊಂಡ ಮೇಲೆ. ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ ಅಯ್ಯಗಾರಿ ಸಾಂಬಶಿವ ರಾವ್ (1914–2003) ಅವರ ಹೆಸರು ಪಕ್ಕದ ಎ.ಎಸ್. ರಾವ್ ನಗರದಲ್ಲಿ ಉಳಿದಿದೆ. ಕಾಪ್ರಾ ಪುರಸಭೆಗೆ ಸೇರಿದ್ದ ಈ ಪ್ರದೇಶವು 2007ರಲ್ಲಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತು. ಅಣುಸ್ಥಾವರಗಳ ನಿಯಂತ್ರಣ ಸಾಧನಗಳನ್ನೂ ಗಣಕಯಂತ್ರಗಳನ್ನೂ ತಯಾರಿಸುತ್ತಿದ್ದ ಈ ಕಾರ್ಖಾನೆಯಿಂದಲೇ 1970ರ ದಶಕದಲ್ಲಿ ಇ.ಸಿ. ಟಿ.ವಿ. ಎಂಬ ಹೆಸರಿನ ದೂರದರ್ಶನ ಪೆಟ್ಟಿಗೆಗಳು ಹೊರಬಂದವು, ಮತ್ತು ಅವುಗಳಲ್ಲಿ ಒಂದು ಪಾಲು ಕನ್ನಡ ನಾಡಿನ ಈಶಾನ್ಯ ಜಿಲ್ಲೆಗಳ ಹಳ್ಳಿಗಳನ್ನು ತಲುಪಿತು. ಆ ಹಳ್ಳಿಗಳು ಬೆಳಕಿನಿಂದ ಮೂಡಿ ಚಲಿಸುವ ಚಿತ್ರವನ್ನು ಅದಕ್ಕೂ ಮೊದಲು ಕಂಡಿರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಅಲ್ಲಿ ತಲೆಮಾರುಗಳಿಂದ ರಾತ್ರಿಯಿಡೀ ದೀಪದ ಮುಂದೆ ಚಿತ್ರಗಳು ಕುಣಿದಿದ್ದವು, ಮಾತಾಡಿದ್ದವು, ಬೈದಿದ್ದವು, ಬೆತ್ತಲೆಯಾಗಿ ನಗಿಸಿದ್ದವು.

ವಯಸ್ಕರಿಗೆಂದೇ ರಚಿತವಾದ, ಅತಿವಾಸ್ತವದ ಹಾಸ್ಯಪ್ರಧಾನ ಅನಿಮೇಷನ್ ಎಂಬ ಪ್ರಕಾರವನ್ನು ಈಗ ಸಾಮಾನ್ಯವಾಗಿ ಅಮೆರಿಕದ ಕೊಡುಗೆಯೆಂದು ಪರಿಗಣಿಸಲಾಗುತ್ತದೆ. ಅನಿಮೇಷನ್ ಎಂದರೆ ನಿರ್ಜೀವ ಚಿತ್ರಕ್ಕೆ ಚಲನೆಯ ಮೂಲಕ ಜೀವದ ಭ್ರಮೆ ಕೊಡುವ ಕಲೆ. ಅತಿವಾಸ್ತವವೆಂದರೆ ಎಚ್ಚರದ ತರ್ಕವನ್ನು ಬಿಟ್ಟು ಕನಸಿನ ತರ್ಕದಂತೆ ಸಂಗತಿಗಳನ್ನು ಜೋಡಿಸುವ ಕ್ರಮ. ಈ ಪ್ರಕಾರದಲ್ಲಿ ಕನಸು ಮತ್ತು ಪ್ಯಾರನಾಯಾ, ಅಂದರೆ ಯಾರೋ ತನ್ನ ಬೆನ್ನು ಹತ್ತಿದ್ದಾರೆ, ಎದುರಿಗಿರುವವನು ಅವನಲ್ಲ, ಲೋಕವೇ ತನ್ನ ವಿರುದ್ಧ ಹೂಡಿದ ಸಂಚು ಎಂಬ ಬಿಡದ ಸಂಶಯದ ಗೀಳು, ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಹೀಗೆ ಬಿಡಿಸಿ ನೋಡಿದರೆ ಚಲಿಸುವ ಚಿತ್ರ, ವಯಸ್ಕರ ನಗೆ, ದುಃಸ್ವಪ್ನ ಮತ್ತು ಸಂಶಯ ಎಂಬ ನಾಲ್ಕೂ ಅಂಶಗಳು ದಖ್ಖಣದ ಒಂದೇ ಪರದೆಯ ಮೇಲೆ ಕೂಡಿದ್ದವೆಂಬುದು ಗೋಚರಿಸುತ್ತದೆ. ಕನ್ನಡದಲ್ಲಿ ತೊಗಲುಗೊಂಬೆಯಾಟವೆಂದೂ ತೆಲುಗಿನಲ್ಲಿ ತೋಲು ಬೊಮ್ಮಲಾಟವೆಂದೂ ಕರೆಯುವ ಆ ಕಲೆಯನ್ನು ಮಕ್ಕಳ ಮನರಂಜನೆಯ ಪೂರ್ವರೂಪವೆಂದು ವರ್ಣಿಸುವ ರೂಢಿ ಅದರ ಚರಿತ್ರೆಯನ್ನು ತಲೆಕೆಳಗು ಮಾಡಿದೆ. ಅದು ಬೆಳೆದವರ ಕಲೆಯಾಗಿತ್ತು. ಚಲಿಸುವ ಚಿತ್ರವು ಮಕ್ಕಳ ಪಾಲಾದದ್ದು ಬಹಳ ಈಚಿನ ಸಂಗತಿ, ಮತ್ತು ಆ ಬದಲಾವಣೆಯ ಒಂದು ಘಟ್ಟ ಕುಷಾಯಿಗೂಡದ ಪೆಟ್ಟಿಗೆಗಳ ಮೂಲಕ ಹಾದುಹೋಗಿದೆ.

ತೊಗಲುಗೊಂಬೆಯನ್ನು ಹೆಚ್ಚಾಗಿ ಆಡಿನ ಚರ್ಮದಿಂದ, ಹಿಂದೆ ಜಿಂಕೆಯ ಚರ್ಮದಿಂದಲೂ, ತಯಾರಿಸುತ್ತಿದ್ದರು. ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿ ಹದಮಾಡಿ, ಆಕೃತಿ ಬರೆದು ಕತ್ತರಿಸಿ, ಉಳಿಗಳಿಂದ ಸಾಲುಸಾಲು ರಂಧ್ರಗಳನ್ನು ಕೊರೆದು, ಎರಡೂ ಬದಿಗೆ ಬಣ್ಣ ತುಂಬಿ, ಬಿದಿರಿನ ಸೀಳಿಗೆ ಕಟ್ಟುತ್ತಾರೆ. ಬಿಳಿ ಬಟ್ಟೆಯ ಪರದೆಯ ಹಿಂದೆ ಎಣ್ಣೆಯ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಪರದೆಯ ಈಚೆಗೆ ಪ್ರೇಕ್ಷಕರು. ಕೆಲವು ದೇಶಗಳ ನೆರಳಾಟದಲ್ಲಿ ಕಾಣುವಂತೆ ಬರೀ ಕಪ್ಪು ನೆರಳು ಬೀಳದೆ ಬಣ್ಣದ ಬಿಂಬವೇ ಮೂಡುವುದು ಈ ಕಲೆಯ ವಿಶೇಷ. ಗೊಂಬೆಯನ್ನು ಬಟ್ಟೆಗೆ ಒತ್ತಿದರೆ ಬಿಂಬ ಚೂಪಾಗುತ್ತದೆ, ದೀಪದ ಕಡೆಗೆ ಎಳೆದರೆ ಅದು ಹಿಗ್ಗಿ, ಮಸುಕಾಗಿ, ನಡುಗುತ್ತ ಕರಗುತ್ತದೆ. ಕರ್ನಾಟಕದ ಗೊಂಬೆಗಳಲ್ಲಿ ಗಾತ್ರವು ದೇಹದ ಅಳತೆಯನ್ನು ಅನುಸರಿಸದೆ ಸ್ಥಾನಮಾನವನ್ನು ಅನುಸರಿಸುತ್ತದೆ: ದೇವತೆಗಳೂ ಅರಸರೂ ದೊಡ್ಡವರು, ಸೇವಕರೂ ಸಾಮಾನ್ಯರೂ ಚಿಕ್ಕವರು. ಪಾರ್ಶ್ವಮುಖದಲ್ಲಿ ಎರಡೂ ಕಣ್ಣು ಕಾಣಬಹುದು, ಒಂದೇ ತೊಗಲಿನಲ್ಲಿ ಮರ, ಮಂಚ, ರಾಜ, ಪರಿವಾರವೆಲ್ಲ ಅಂಟಿಕೊಂಡೇ ಚಲಿಸಬಹುದು. ಎಚ್ಚರದ ಕಣ್ಣಿಗೆ ಅಸಂಬದ್ಧವೆನಿಸುವ ಈ ಅಳತೆಗಳನ್ನು ಪ್ರೇಕ್ಷಕರು ಪ್ರಶ್ನಿಸದೆ ಒಪ್ಪುತ್ತಿದ್ದುದರಿಂದ, ಅತಿವಾಸ್ತವವು ಇಲ್ಲಿ ಪಾಂಡಿತ್ಯದ ಪ್ರಯೋಗವಾಗದೆ ಕಲೆಯ ಮೊದಲ ವ್ಯಾಕರಣವೇ ಆಗಿತ್ತು.

ಈ ಕಲೆಯನ್ನು ಉಳಿಸಿಕೊಂಡು ಬಂದವರು ಕರ್ನಾಟಕದಲ್ಲಿ ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಕಟಬು ಮೊದಲಾದ ಹೆಸರುಗಳಿಂದ ಗುರುತಿಸಲ್ಪಡುವ ಸಮುದಾಯದವರು. ಆಂಧ್ರದಲ್ಲಿ ಆರೆ ಮರಾಠಿಗರು. ಇಬ್ಬರ ಮನೆಮಾತೂ ಮರಾಠಿಯ ಉಪಭಾಷೆ, ಆಟದ ಮಾತು ಮಾತ್ರ ಆಯಾ ನೆಲದ ಕನ್ನಡ ಅಥವಾ ತೆಲುಗು. ಮನೆಯಲ್ಲಿ ಒಂದು ಭಾಷೆ, ಪರದೆಯ ಹಿಂದೆ ಇನ್ನೊಂದು ಭಾಷೆ, ಪಾತ್ರಕ್ಕೆ ತಕ್ಕ ಹತ್ತಾರು ದನಿ ಎಂಬ ಈ ಬದುಕು ಗೊಂಬೆಯಾಟಗಾರರಿಗೆ ಅಪೂರ್ವವಾದ ಮಾತಿನ ಕಸುವನ್ನು ಕೊಟ್ಟಿತು. ಗಂಡಸರು ಗೊಂಬೆಯಾಡಿಸುತ್ತ ಮಾತು ಹೇಳಿದರೆ ಮನೆಯ ಹೆಂಗಸರು ಹಾಡಿಗೂ ಸ್ತ್ರೀಪಾತ್ರದ ಸಂಭಾಷಣೆಗೂ ದನಿಗೂಡಿಸುತ್ತಿದ್ದರು. ಸ್ತ್ರೀಯರಿಗೆ ರಂಗಸ್ಥಳವನ್ನು ನಿರಾಕರಿಸಿದ ಕಲೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ಇದನ್ನು ಗಮನಿಸದೆ ಮುಂದೆ ಹೋಗಲಾಗದು.

ಕಲೆಯ ಪ್ರಾಚೀನತೆಗೆ ಆಧಾರಗಳು ಚದುರಿದಂತಿದ್ದರೂ ಗಟ್ಟಿಯಾಗಿವೆ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ಕೃತಿ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಗೊಂಬೆಯಾಟಗಳನ್ನು ಪ್ರಸ್ತಾಪಿಸುತ್ತಾನೆ. ಇವನ ‘ಬಸವಪುರಾಣ’ವನ್ನು ಆಧರಿಸಿಯೇ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದ್ದರಿಂದ, ಇಂದಿನ ತೆಲಂಗಾಣದ ನೆಲದ ಈ ಕವಿ ಕನ್ನಡ ಓದುಗರಿಗೆ ಹೊರಗಿನವನಲ್ಲ. ಅದೇ ಶತಮಾನದಲ್ಲಿ ಗುಜರಾತಿನ ಸುಭಟನು ಬರೆದ ‘ದೂತಾಂಗದ’ ಎಂಬ ಸಂಸ್ಕೃತ ರೂಪಕವು ತನ್ನನ್ನು ಛಾಯಾನಾಟಕವೆಂದು ಕರೆದುಕೊಂಡಿದೆ. ಛಾಯಾನಾಟಕವೆಂದರೆ ನೆರಳಿನ ಆಟವೇ, ಅಥವಾ ದೊಡ್ಡ ನಾಟಕದ ಛಾಯೆಯಂತಿರುವ ಕಿರುನಾಟಕವೇ ಎಂಬ ವಿದ್ವಾಂಸರ ವಾದ ಬಗೆಹರಿದಿಲ್ಲ. ಆದರೆ ಅದರ ವಸ್ತು ಕುತೂಹಲಕರವಾಗಿದೆ: ಲಂಕೆಗೆ ದೂತನಾಗಿ ಬಂದ ಅಂಗದನಿಗೆ ಸೀತೆ ತನಗೇ ಒಲಿದಿದ್ದಾಳೆಂದು ನಂಬಿಸಲು ರಾವಣ ಯತ್ನಿಸುತ್ತಾನೆ, ಅಂಗದ ಮೋಸಹೋಗುವುದಿಲ್ಲ. ಕಂಡದ್ದನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆ ನೆರಳಿನ ಹೆಸರು ಹೊತ್ತ ಈ ರೂಪಕದ ನಡುವಿನಲ್ಲೇ ಕೂತಿದೆ.

ಕನಸನ್ನು ಕುರಿತ ಭಾರತೀಯ ಚಿಂತನೆ ಗೊಂಬೆಯಾಟದವರಿಗೆ ಸಿದ್ಧಸಾಮಗ್ರಿಯನ್ನು ಒದಗಿಸಿತ್ತು. ಚರಕಸಂಹಿತೆಯ ಇಂದ್ರಿಯಸ್ಥಾನವು, ಅಂದರೆ ಸಾವಿನ ಮುನ್ಸೂಚನೆಗಳನ್ನು ವೈದ್ಯನಿಗೆ ತಿಳಿಸುವ ಭಾಗವು, ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದರಿಂದ, ಕೇಳಿದ್ದರಿಂದ, ಅನುಭವಿಸಿದ್ದರಿಂದ, ಬಯಸಿದ್ದರಿಂದ, ಕಲ್ಪಿಸಿಕೊಂಡದ್ದರಿಂದ ಹುಟ್ಟುವ ಐದು, ಮುಂದಾಗುವುದನ್ನು ಸೂಚಿಸುವುದೊಂದು, ವಾತಪಿತ್ತಾದಿ ದೋಷಗಳಿಂದ ಬರುವುದೊಂದು. ಮೊದಲ ಐದಕ್ಕೆ ಫಲವಿಲ್ಲವೆಂದು ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಎಲ್ಲ ಕನಸೂ ಶಕುನವೆಂದು ನಂಬುವ ಮೂಢತನಕ್ಕೂ ಯಾವುದೂ ಏನೂ ಅಲ್ಲವೆಂಬ ಉಡಾಫೆಗೂ ನಡುವಿನ ಈ ವಿವೇಕ ಮೆಚ್ಚತಕ್ಕದ್ದು. ಕೆಡುಕಿನ ಕನಸುಗಳಿಗೆ ಈ ಪರಂಪರೆಯಲ್ಲಿ ಒಂದು ಸ್ಥಿರವಾದ ಚಿತ್ರಮಾಲೆಯೇ ಇದೆ: ಮೈಗೆ ಎಣ್ಣೆ ಬಳಿದಿರುವುದು, ಬೆತ್ತಲೆಯಾಗಿರುವುದು, ಕತ್ತೆಯ ಮೇಲೆ ಅಥವಾ ಕತ್ತೆ ಹೂಡಿದ ಬಂಡಿಯಲ್ಲಿ ಯಮನ ದಿಕ್ಕಾದ ತೆಂಕಣಕ್ಕೆ ಹೋಗುವುದು, ಪ್ರೇತಗಳ ಅಪ್ಪುಗೆ.

ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ರಾಕ್ಷಸಿ ತ್ರಿಜಟೆ ಕಾಣುವ ಕನಸು ಇದೇ ಮಾಲೆಯ ಪ್ರಸಿದ್ಧ ಉದಾಹರಣೆ. ಅಶೋಕವನದಲ್ಲಿ ಸೀತೆಯನ್ನು ಹೆದರಿಸುತ್ತಿದ್ದ ಕಾವಲಿನ ಹೆಂಗಸರಿಗೆ ಆಕೆ ಹೇಳುವ ಆ ಕನಸಿನಲ್ಲಿ, ಲೋಕವನ್ನೇ ನಡುಗಿಸಿದ ರಾವಣ ತಲೆ ಬೋಳಿಸಿಕೊಂಡು, ಎಣ್ಣೆ ಬಳಿದುಕೊಂಡು, ಕೆಂಪುಟ್ಟು, ಪುಷ್ಪಕದಿಂದ ನೆಲಕ್ಕೆ ಬಿದ್ದು, ಹೆಂಗಸೊಬ್ಬಳ ಎಳೆತಕ್ಕೆ ಸಿಕ್ಕಿ, ಕತ್ತೆಗಳ ರಥದಲ್ಲಿ ದಕ್ಷಿಣಕ್ಕೆ ಸಾಗುತ್ತಾನೆ. ವಿಭೀಷಣನೊಬ್ಬ ಬೆಳ್ಗೊಡೆಯಡಿ ಉಳಿಯುತ್ತಾನೆ. ಭಯಾನಕವೂ ಹಾಸ್ಯಾಸ್ಪದವೂ ಒಂದೇ ಉಸಿರಿನಲ್ಲಿ ಬರುವ ಕಥನವಿದು. ಹತ್ತು ತಲೆಯ ಚಕ್ರವರ್ತಿಯನ್ನು ಕತ್ತೆಯ ಮೆರವಣಿಗೆಗೆ ಇಳಿಸಿದ ಕಲ್ಪನೆಯಲ್ಲಿ ಸಾವಿನ ಶಕುನವೂ ಊರಜಾತ್ರೆಯ ಗೇಲಿಯೂ ಬೇರ್ಪಡಿಸಲಾಗದಂತೆ ಬೆರೆತಿವೆ.

ಭಾಗವತದ ದಶಮಸ್ಕಂಧದಲ್ಲಿ ಬರುವ ಕಂಸನ ರಾತ್ರಿ ಇನ್ನೂ ಆಳವಾದದ್ದು. ತನ್ನ ಸಾವು ತಂಗಿಯ ಎಂಟನೆಯ ಮಗುವಿನಿಂದೆಂದು ಕೇಳಿದ ಕ್ಷಣದಿಂದ ಸಂಶಯದಲ್ಲೇ ಬದುಕಿದ ಈ ಅರಸ, ಕೃಷ್ಣನು ಮಥುರೆಗೆ ಬಂದು ಬಿಲ್ಲು ಮುರಿದ ಸುದ್ದಿ ತಿಳಿದು ನಿದ್ದೆಗೆಡುತ್ತಾನೆ. ಎಚ್ಚರದಲ್ಲೂ ಕನಸಿನಲ್ಲೂ ಅವನಿಗೆ ಉತ್ಪಾತಗಳು ಕಾಣುತ್ತವೆ: ಪ್ರತಿಬಿಂಬದಲ್ಲಿ ತನ್ನ ತಲೆಯೇ ಇಲ್ಲ, ಒಂದೊಂದು ಜ್ಯೋತಿಯೂ ಎರಡೆರಡಾಗಿ ಕಾಣುತ್ತದೆ, ನೆರಳಿನಲ್ಲಿ ತೂತುಗಳಿವೆ, ಕಿವಿ ಮುಚ್ಚಿದರೆ ಪ್ರಾಣದ ಮೊರೆತ ಕೇಳಿಸುವುದಿಲ್ಲ, ಮರಗಳು ಚಿನ್ನದವಾಗಿ ತೋರುತ್ತವೆ, ನಡೆದ ಹೆಜ್ಜೆಯ ಗುರುತು ಮೂಡುವುದಿಲ್ಲ. ನಿದ್ದೆ ಹತ್ತಿದಾಗ ಪ್ರೇತಗಳು ಅಪ್ಪುತ್ತವೆ, ಕತ್ತೆಯ ಸವಾರಿ, ವಿಷದ ಊಟ, ಎಣ್ಣೆ ಬಳಿದ ಬೆತ್ತಲೆ ಮೈಯಲ್ಲಿ ಮಾಲೆ ಧರಿಸಿ ಒಬ್ಬಂಟಿ ನಡಿಗೆ. ಆಧುನಿಕ ಮನೋವೈದ್ಯರು ತೀವ್ರ ಭೀತಿಯಿಂದ ನಿದ್ರಾಹೀನನಾದ ರೋಗಿಯ ವರದಿಯಲ್ಲಿ ಬರೆದುಕೊಳ್ಳಬಹುದಾದ ಇಂದ್ರಿಯಭ್ರಮೆಗಳ ಪಟ್ಟಿಯಂತೆಯೇ ಇದು ಓದಿಸಿಕೊಳ್ಳುತ್ತದೆ. ತೊಗಲುಗೊಂಬೆಯಾಟದ ದೃಷ್ಟಿಯಿಂದ ಇದರಲ್ಲಿ ಮತ್ತೊಂದು ಸ್ವಾರಸ್ಯವಿದೆ: ತೂತುಳ್ಳ ನೆರಳು, ಇಮ್ಮಡಿಸುವ ಬೆಳಕು, ಹೆಜ್ಜೆಗುರುತಿಲ್ಲದ ನಡಿಗೆ, ಹೊನ್ನಬಣ್ಣದ ಮರ ಎಂಬಿವೆಲ್ಲ ಪರದೆಯ ಮೇಲಿನ ಗೊಂಬೆಯ ಸಹಜ ಲಕ್ಷಣಗಳು. ಸಾಯಲಿರುವ ಕಂಸ ತನ್ನ ಸುತ್ತ ಕಂಡದ್ದು ಗೊಂಬೆಯಾಟದ ಲೋಕವನ್ನೇ ಎಂದರೆ ತಪ್ಪಾಗದು. ಪುರಾಣಕಾರನು ಗೊಂಬೆಯಾಟ ನೋಡಿ ಇದನ್ನು ಬರೆದನೆಂದು ವಾದಿಸಲು ಆಧಾರವಿಲ್ಲ. ಆದರೆ ರಂಧ್ರಮಯವಾದ ತೊಗಲಿನ ಅರಸನನ್ನು ಎಣ್ಣೆದೀಪದ ಮುಂದೆ ಕಂಡ ಪ್ರೇಕ್ಷಕನಿಗೆ, ನೆರಳಿನಲ್ಲಿ ತೂತು ಕಾಣುವುದು ಸಾವಿನ ಗುರುತೆಂಬ ಮಾತು ಕೇವಲ ಮಾತಾಗಿ ಉಳಿಯುತ್ತಿರಲಿಲ್ಲ.

ಸಂಶಯವೇ ಕಥೆಯ ಬೆನ್ನೆಲುಬಾಗಿರುವ ಪ್ರಸಂಗವೆಂದರೆ ಮೈರಾವಣ ಕಾಳಗ. ವಾಲ್ಮೀಕಿಯಲ್ಲಿಲ್ಲದ, ಆದರೆ ದಖ್ಖಣದ ಗೊಂಬೆಯಾಟ, ಯಕ್ಷಗಾನ ಮತ್ತು ಜನಪದ ರಾಮಾಯಣಗಳಿಗೆ ಬಹು ಪ್ರಿಯವಾದ ಈ ಕಥೆಯಲ್ಲಿ, ಯುದ್ಧದಲ್ಲಿ ಸೋಲುತ್ತಿರುವ ರಾವಣ ಪಾತಾಳದ ಮಾಯಾವಿ ಮೈರಾವಣನ ನೆರವು ಕೇಳುತ್ತಾನೆ. ಸುಳಿವು ಸಿಕ್ಕ ಕಪಿಸೇನೆ ಎಚ್ಚರಗೊಳ್ಳುತ್ತದೆ. ಹನುಮಂತನು ತನ್ನ ಬಾಲವನ್ನೇ ಸುತ್ತಿಸುತ್ತಿ ಕೋಟೆ ಕಟ್ಟಿ, ರಾಮಲಕ್ಷ್ಮಣರನ್ನು ಒಳಗೆ ಮಲಗಿಸಿ, ಬಾಗಿಲಲ್ಲಿ ತಾನೇ ಕಾವಲು ಕೂರುತ್ತಾನೆ. ಹಲವು ಪಾಠಗಳ ಪ್ರಕಾರ ಮೈರಾವಣನು ವಿಭೀಷಣನ ವೇಷದಲ್ಲಿ ಬಂದು ಒಳಹೋಗುತ್ತಾನೆ, ಎಲ್ಲರಿಗೂ ನಿದ್ದೆ ಕವಿಸುತ್ತಾನೆ, ಅಣ್ಣತಮ್ಮಂದಿರನ್ನು ಕಾಳಿಗೆ ಬಲಿ ಕೊಡಲು ಪಾತಾಳಕ್ಕೆ ಒಯ್ಯುತ್ತಾನೆ. ಕೆಲವು ಪಾಠಗಳಲ್ಲಿ ನಿಜವಾದ ವಿಭೀಷಣ ಬಾಗಿಲಿಗೆ ಬಂದಾಗ, ಆಗಲೇ ಒಳಗೆ ಹೋದವನು ಮತ್ತೆ ಹೇಗೆ ಹೊರಗಿನಿಂದ ಬಂದನೆಂಬ ಗೊಂದಲ ಹುಟ್ಟುತ್ತದೆ. ಮುಂದೆ ಹನುಮಂತನು ತಾವರೆಯ ದಂಟಿನೊಳಗಿಂದ ಪಾತಾಳಕ್ಕಿಳಿದರೆ ಅಲ್ಲಿನ ಬಾಗಿಲಲ್ಲಿ ಎದುರಾಗುವ ಕಾವಲುಗಾರ, ಬ್ರಹ್ಮಚಾರಿಯಾದ ಅವನಿಗೇ ತಿಳಿಯದಂತೆ ಮೀನಿನ ಹೊಟ್ಟೆಯಲ್ಲಿ ಹುಟ್ಟಿದ ಅವನ ಮಗ. ಮೈರಾವಣನ ಪ್ರಾಣವಾದರೋ ಅವನ ಮೈಯಲ್ಲಿರದೆ ದುಂಬಿಗಳಲ್ಲಿ ಅಡಗಿದೆ.

ಈ ಕಥೆಯ ಒಂದೊಂದು ತಿರುವೂ ಕನಸಿನ ಜೋಡಣೆಯನ್ನು ಅನುಸರಿಸುತ್ತದೆ: ಕೋಟೆಯಾಗುವ ಬಾಲ, ದಾರಿಯಾಗುವ ದಂಟು, ಅಪರಿಚಿತನಾಗಿ ನಿಂತ ಮಗ, ಮೈಯಿಂದ ಹೊರಗಿರುವ ಜೀವ. ಅದರ ನಡುವೆ ನಿಂತಿರುವುದು ಎದುರಿಗಿರುವ ಮಿತ್ರ ಮಿತ್ರನೇ ಹೌದೇ ಎಂಬ ಪ್ರಶ್ನೆ. ಮನುಷ್ಯ ನಟರ ರಂಗದಲ್ಲಿ ಎರಡು ವಿಭೀಷಣರಿಗೆ ಎರಡು ಮುಖಗಳಿರುತ್ತವೆ, ಪ್ರೇಕ್ಷಕ ವ್ಯತ್ಯಾಸವನ್ನು ಹೇಗೋ ಗುರುತಿಸುತ್ತಾನೆ. ಗೊಂಬೆಯಾಟದಲ್ಲಾದರೆ ಒಂದೇ ತೊಗಲನ್ನು ನಿಜಕ್ಕೂ ಮಾಯೆಗೂ ಹಿಡಿಯಬಹುದಾದ್ದರಿಂದ ಕಣ್ಣಿಗೆ ಯಾವ ಆಧಾರವೂ ಉಳಿಯುವುದಿಲ್ಲ, ಕಿವಿಯೊಂದನ್ನೇ ನೆಚ್ಚಬೇಕಾಗುತ್ತದೆ. ಹೀಗೆ ಹನುಮಂತನ ಅನುಮಾನ ಪ್ರೇಕ್ಷಕನ ಅನುಮಾನವೂ ಆಗುವಂತೆ ಮಾಡುವ ಶಕ್ತಿ ಈ ಮಾಧ್ಯಮಕ್ಕೆ ವಿಶೇಷವಾಗಿ ಒಲಿದಿದೆ. ಮೈರಾವಣನ ಕಥೆ ಗೊಂಬೆಯಾಟದ ಮೇಳಗಳಲ್ಲಿ ಅಷ್ಟೊಂದು ಬೇರೂರಿದ್ದಕ್ಕೆ ಯುದ್ಧದ ಗದ್ದಲಕ್ಕಿಂತ ಈ ಗುಣವೇ ಹೆಚ್ಚಿನ ಕಾರಣವಾಗಿರಬೇಕು.

ಇಂಥ ಭೀತಿಯ ನಡುವೆಯೇ ಪರದೆಗೆ ನುಗ್ಗುವವನು ಕಿಳ್ಳೇಕ್ಯಾತ. ಸಮುದಾಯದ ಹೆಸರೂ ವಿದೂಷಕನ ಹೆಸರೂ ಒಂದೇ ಆಗಿರುವುದು ಅವನ ಮಹತ್ವವನ್ನು ಸೂಚಿಸುತ್ತದೆ. ಕಪ್ಪು ಮೈ, ಹೊರಚಾಚಿದ ಹೊಟ್ಟೆ, ಕೆದರಿದ ಕೂದಲು, ಎಲ್ಲೆಂದರಲ್ಲಿ ಬಾಗುವ ಕೈಕಾಲು; ರಾಮನೂ ಧರ್ಮರಾಜನೂ ಗಂಭೀರವಾಗಿ ಅಲುಗಾಡದೆ ನಿಲ್ಲುವಾಗ ಕೀಲುಗಳು ಸಡಿಲವಾಗಿರುವ ಈ ಗೊಂಬೆ ಪರದೆಯ ತುಂಬ ಜಿಗಿಯುತ್ತದೆ. ಅವನ ಜೊತೆಗಾತಿ ಬಂಗಾರಕ್ಕ. ತೆಲುಗು ಪರಂಪರೆಯಲ್ಲಿ ಬಂಗಾರಕ್ಕನ ಜೊತೆ ಜುಟ್ಟುಪೋಲಿಗಾಡು, ಕೇತಿಗಾಡು ಎಂಬವರಿದ್ದಾರೆ. ಗಣಪತಿ ಸರಸ್ವತಿಯರ ಸ್ತುತಿ ಮುಗಿದೊಡನೆ ಇವರು ಬಂದು ಜಗಳ, ಬೈಗುಳ, ಕಾಮದ ಮಾತು, ಊರಿನ ದೊಡ್ಡವರ ಗುಟ್ಟು ಎಲ್ಲವನ್ನೂ ಬಯಲಿಗೆಳೆಯುತ್ತಾರೆ. ಜನನಾಂಗಗಳನ್ನು ಮರೆಯಿಲ್ಲದೆ ತೋರಿಸುವ ಗೊಂಬೆಗಳು ಹಳೆಯ ಮೇಳಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿದ್ದವು. ತ್ರೇತಾಯುಗದ ಕಥೆಯ ನಡುವೆ ಇವರಾಡುವ ಮಾತು ಇಂದಿನದು: ತೆರಿಗೆ, ಸಾಲ, ಬರ, ಗೌಡನ ಮನೆಯ ಸಂಗತಿ. ರಾವಣನ ದರ್ಬಾರಿನಲ್ಲೂ ಅವರಿಗೆ ಪ್ರವೇಶವಿದೆ, ಕಾಲದ ಗೋಡೆ ಅವರಿಗೆ ಅಡ್ಡಬರುವುದಿಲ್ಲ. ನಗೆಯು ಭೀತಿಯನ್ನು ಹಗುರಗೊಳಿಸಲು ತಂದ ವಿರಾಮವೆಂದು ಇದನ್ನು ವಿವರಿಸುವುದುಂಟು. ಆ ವಿವರಣೆ ಸಾಲದು. ಅರಸನು ತನ್ನ ಸುತ್ತ ಸಂಚುಗಳನ್ನೇ ಕಾಣುವ ಹೊತ್ತಿಗೆ, ಮುಚ್ಚಿಡಲು ಏನೂ ಇಲ್ಲದ, ಮೈಯನ್ನೂ ಮಾತನ್ನೂ ಬಿಚ್ಚಿಕೊಂಡೇ ಓಡಾಡುವ ಕಿಳ್ಳೇಕ್ಯಾತ ಅವನ ಪಕ್ಕದಲ್ಲಿ ನಿಂತರೆ, ಅಧಿಕಾರಕ್ಕೂ ಸಂಶಯಕ್ಕೂ ಇರುವ ನಂಟು ಯಾವ ಉಪದೇಶವೂ ಇಲ್ಲದೆ ಪರದೆಯ ಮೇಲೆ ಮೂಡುತ್ತದೆ.

ಈ ಅಶ್ಲೀಲಕ್ಕೂ ಆಚರಣೆಗೂ ವಿರೋಧವಿರಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಮಳೆ ಹೋದಾಗ, ದನಗಳಿಗೆ ರೋಗ ಬಂದಾಗ ಊರವರು ಗೊಂಬೆಯಾಡಿಸುತ್ತಿದ್ದರು; ಮಹಾಭಾರತದ ವಿರಾಟಪರ್ವವನ್ನು ಓದಿಸಿದರೆ ಅಥವಾ ಆಡಿಸಿದರೆ ಮಳೆ ಬರುವುದೆಂಬ ನಂಬಿಕೆ ಕನ್ನಡ ತೆಲುಗು ನಾಡುಗಳೆರಡರಲ್ಲೂ ಇದೆ. ಸವೆದುಹೋದ ಗೊಂಬೆಯನ್ನು ಬಿಸಾಡದೆ ನದಿಯ ನೀರಿಗೆ ಬಿಡುವ ಸಂಪ್ರದಾಯವಿತ್ತು. ಫಲವಂತಿಕೆಯನ್ನು ಬೇಡುವ ರಾತ್ರಿಯಲ್ಲಿ ಕಾಮದ ಮಾತು ಅಸಭ್ಯವಾಗದೆ ಅದೇ ಬೇಡಿಕೆಯ ಇನ್ನೊಂದು ನುಡಿಯಾಗಿತ್ತು. ಮಕ್ಕಳು ಪರದೆಯ ಮುಂದೆ ಕೂತಿರುತ್ತಿದ್ದರು, ನಿದ್ದೆ ಹೋಗುತ್ತಿದ್ದರು, ಎದ್ದು ಮತ್ತೆ ನೋಡುತ್ತಿದ್ದರು. ಅವರನ್ನು ಹೊರಗಿಡಲಿಲ್ಲ, ಹಾಗೆಂದು ಅವರಿಗಾಗಿ ಮಾತನ್ನು ಸೋಸಲೂ ಇಲ್ಲ.

ಪಶ್ಚಿಮದಲ್ಲೂ ಅನಿಮೇಷನ್ ಹುಟ್ಟಿನಿಂದಲೇ ಮಕ್ಕಳದಾಗಿರಲಿಲ್ಲ. ಅಮೆರಿಕದ ವಿನ್ಸರ್ ಮೆಕೇ 1904ರಲ್ಲಿ ಪತ್ರಿಕೆಯಲ್ಲಿ ಆರಂಭಿಸಿದ ಚಿತ್ರಕಥಾಮಾಲೆಯು ಚೀಸ್ ಹಚ್ಚಿದ ರೊಟ್ಟಿ ತಿಂದು ಮಲಗಿದ ದೊಡ್ಡವರ ದುಃಸ್ವಪ್ನಗಳನ್ನೇ ವಸ್ತುವಾಗಿ ಹೊಂದಿತ್ತು, ಮತ್ತು 1921ರಲ್ಲಿ ಆತ ಅವುಗಳಲ್ಲಿ ಕೆಲವನ್ನು ಚಲನಚಿತ್ರವಾಗಿಸಿದ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಪೂರ್ಣಾವಧಿ ಚಿತ್ರವನ್ನು ಕತ್ತರಿಸಿದ ನೆರಳಾಕೃತಿಗಳಿಂದಲೇ ರೂಪಿಸಿ, ನೆರಳಾಟಕ್ಕೂ ಸಿನಿಮಾಕ್ಕೂ ಇರುವ ರಕ್ತಸಂಬಂಧವನ್ನು ಸಾಧಿಸಿ ತೋರಿಸಿದಳು. 1931ರಲ್ಲಿ ಫ್ಲೈಷರ್ ಸಹೋದರರ ಸ್ಟುಡಿಯೊ ಹೊರತಂದ ‘ಬಿಂಬೋಸ್ ಇನಿಷಿಯೇಷನ್’ ಎಂಬ ಕಿರುಚಿತ್ರದಲ್ಲಿ ನಾಯಕ ಬಿಂಬೊ ನೆಲದ ಗುಂಡಿಗೆ ಬಿದ್ದು, ತಲೆಯ ಮೇಲೆ ಮೇಣದಬತ್ತಿ ಹೊತ್ತ ಗುಪ್ತ ಸಂಘದವರ ಕೈಗೆ ಸಿಕ್ಕಿ, ಸದಸ್ಯನಾಗಲು ಒಪ್ಪದ ಕಾರಣಕ್ಕೆ ಕೋಣೆಯಿಂದ ಕೋಣೆಗೆ ಬೆನ್ನಟ್ಟಿಸಿಕೊಂಡು ಓಡುತ್ತಾನೆ. ಕನಸು, ಬೆನ್ನುಹತ್ತುವ ಸಂಚು, ಕಾಮದ ಸೂಚನೆ ಮತ್ತು ನಗೆ ಇಲ್ಲೂ ಒಂದಾಗಿವೆ. ಪಾತಾಳದ ಬಾಗಿಲಲ್ಲಿ ನಿಂತ ಹನುಮಂತನನ್ನು ಬಲ್ಲವರಿಗೆ ಬಿಂಬೊನ ಪಾಡು ಅಪರಿಚಿತವೆನಿಸದು. 1934ರಲ್ಲಿ ಹಾಲಿವುಡ್ಡಿನ ನೈತಿಕ ಸಂಹಿತೆ ಬಿಗಿಯಾದಾಗ ಇದೇ ಸ್ಟುಡಿಯೊದ ಬೆಟ್ಟಿ ಬೂಪ್ ಎಂಬ ಪಾತ್ರದ ಉಡುಪು ಉದ್ದವಾಯಿತು, ಚೇಷ್ಟೆ ಕುಗ್ಗಿತು. ಟೆಲಿವಿಷನ್ ಬಂದ ಮೇಲೆ 1960ರ ದಶಕದಲ್ಲಿ ಕಾರ್ಟೂನುಗಳು ಶನಿವಾರ ಬೆಳಗಿನ ಮಕ್ಕಳ ಅವಧಿಗೆ ಸೇರಿದವು. 1972ರ ‘ಫ್ರಿಟ್ಜ್ ದ ಕ್ಯಾಟ್’, 1989ರ ‘ದ ಸಿಂಪ್ಸನ್ಸ್’, 2001ರಲ್ಲಿ ಆರಂಭವಾದ ಅಡಲ್ಟ್ ಸ್ವಿಮ್ ಎಂಬ ರಾತ್ರಿ ವಾಹಿನಿ ಇವುಗಳ ಮೂಲಕ ವಯಸ್ಕರ ಅನಿಮೇಷನ್ ಮರಳಿ ಬಂದಾಗ ಅದು ಹೊಸತೆಂಬಂತೆ ಕಂಡದ್ದು ನಡುವಿನ ಈ ಮರೆವಿನಿಂದ.

ದಖ್ಖಣದಲ್ಲಿ ಇದೇ ಬಗೆಯ ವಿಭಜನೆ ಬೇರೊಂದು ದಾರಿಯಿಂದ, ಅತ್ಯಂತ ಸದುದ್ದೇಶದ ಯೋಜನೆಯೊಂದರ ಮೂಲಕ ಬಂತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧಕ ದೂರದರ್ಶನ ಪ್ರಯೋಗವು, ಜನಬಳಕೆಯಲ್ಲಿ ಸೈಟ್, ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿತು. ಆಂಧ್ರಪ್ರದೇಶದಲ್ಲಿ ಹೈದರಾಬಾದ್, ಮೇದಕ್, ಮೆಹಬೂಬ್‌ನಗರ, ಕರ್ನೂಲು, ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಇದಕ್ಕೆ ಆಯ್ಕೆಯಾದವು. ಇವುಗಳಲ್ಲಿ ಗುಲ್ಬರ್ಗವೂ ರಾಯಚೂರೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಕೋಳಿಗೂಡಿನ ತಂತಿಬಲೆಯಿಂದ ರಚಿಸಿದ, ಸುಮಾರು ಮೂರು ಮೀಟರ್ ಅಗಲದ ಬಟ್ಟಲು ಆಂಟೆನಾವನ್ನೂ ಅದಕ್ಕೆ ಹೊಂದುವ ಕಪ್ಪು-ಬಿಳುಪು ಟಿ.ವಿ.ಯನ್ನೂ ಒಳಗೊಂಡ ನೇರ ಸ್ವೀಕಾರ ಸಾಧನಗಳನ್ನು ತಯಾರಿಸಿಕೊಟ್ಟದ್ದು ಕುಷಾಯಿಗೂಡದ ಮಗ್ಗುಲಿನ ಇ.ಸಿ.ಐ.ಎಲ್. ಒಂದು ಚಿತ್ರವಾಹಿನಿಗೆ ಎರಡು ಧ್ವನಿವಾಹಿನಿಗಳನ್ನು ಜೋಡಿಸುವ ಸೌಲಭ್ಯ ಈ ವ್ಯವಸ್ಥೆಯಲ್ಲಿತ್ತು. ಕಾರ್ಯಕ್ರಮ ತಯಾರಿಕೆಯ ಮೂರು ಕೇಂದ್ರಗಳಲ್ಲಿ ಒಂದಾದ ಹೈದರಾಬಾದ್ ತೆಲುಗಿಗೂ ಕನ್ನಡಕ್ಕೂ ದುಡಿಯಿತು.

ಶಾಲೆಯ ಅಂಗಳದಲ್ಲೋ ಪಂಚಾಯತಿ ಕಟ್ಟೆಯ ಮೇಲೋ ಊರಿಗೆ ಊರೇ ಕೂತು ಒಂದೇ ಬೆಳಕಿನ ಚೌಕವನ್ನು ನೋಡಿದ ಆ ಸಂಜೆಗಳು ಗೊಂಬೆಯಾಟದ ರಾತ್ರಿಗಳಿಗೆ ಹೊರನೋಟಕ್ಕೆ ಹತ್ತಿರವಾಗಿದ್ದವು. ವ್ಯತ್ಯಾಸವಿದ್ದದ್ದು ವೇಳಾಪಟ್ಟಿಯಲ್ಲಿ. ದಿನದ ನಾಲ್ಕು ಗಂಟೆಗಳ ಪ್ರಸಾರದಲ್ಲಿ ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ವಯಸ್ಕರಿಗೆ ಮೀಸಲಾಗಿತ್ತು; ಬೆಳಗ್ಗೆ ಸರಳ ವಿಜ್ಞಾನ ಮತ್ತು ಕಲಿಕೆ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮತ್ತು ಜನಪದ ಕಲೆಗಳ ಮನರಂಜನೆ. ಹಳ್ಳಿಯ ಬಡವನಿಗೆ ವಿಜ್ಞಾನದ ತಿಳಿವಳಿಕೆ ಮುಟ್ಟಿಸಲು ಇಂಥ ಸಾಹಸ ಅಂದು ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಮಾಣದಲ್ಲಿ ನಡೆದಿರಲಿಲ್ಲ, ಮತ್ತು ಅದರ ಹಿರಿಮೆಯನ್ನು ಕುಗ್ಗಿಸಲು ಕಾರಣವಿಲ್ಲ. ಆದರೂ ಮಗು ಮತ್ತು ವಯಸ್ಕ ಎಂಬ ಎರಡು ಪ್ರೇಕ್ಷಕವರ್ಗಗಳು ಗಡಿಯಾರದ ಮುಳ್ಳಿನಿಂದ ಬೇರ್ಪಟ್ಟದ್ದು ಈ ಹಳ್ಳಿಗಳ ಚಲಿಸುವ ಚಿತ್ರದ ಅನುಭವದಲ್ಲಿ ಇದೇ ಮೊದಲು. ಬೆಳೆದವನಿಗೆ ಉಪಯುಕ್ತ ಮಾಹಿತಿ, ಮಗುವಿಗೆ ಆಟದ ಚಿತ್ರ ಎಂಬ ಹಂಚಿಕೆಯಲ್ಲಿ ಬೆಳೆದವನ ಆಟಕ್ಕೆ, ಅವನ ಕೆಟ್ಟ ಕನಸಿಗೆ ಮತ್ತು ಕಿಳ್ಳೇಕ್ಯಾತನ ಬಾಯಿಗೆ ಜಾಗ ಉಳಿಯಲಿಲ್ಲ. ದೆಹಲಿಯ ನೀತಿಯೂ ಹಾಗೆಯೇ ಸಾಗಿತ್ತು: ಸರ್ಕಾರಿ ಚಿತ್ರಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗವು 1956ರಿಂದ ಶೈಕ್ಷಣಿಕ ಚಿತ್ರಗಳಿಗೇ ಒತ್ತು ಕೊಟ್ಟಿತು, 1974ರ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಕಿರುಚಿತ್ರ ಮಕ್ಕಳಿಗೆ ಐಕ್ಯವನ್ನು ಕಲಿಸಿತು.

ಗೊಂಬೆಯಾಟವೂ ಹೊಸ ಕಾಲಕ್ಕೆ ತನ್ನನ್ನು ಹೊಂದಿಸಿಕೊಂಡಿತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರ ದುಡಿಮೆಯಿಂದ ಹಳೆಯ ತೊಗಲುಗೊಂಬೆಗಳ ದೊಡ್ಡ ಸಂಗ್ರಹವೊಂದು ಉಳಿಯಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟ ಮತ್ತು ಗಾಂಧೀಜಿಯ ಬದುಕನ್ನು ತೊಗಲಿಗೆ ತಂದು ದೇಶವಿದೇಶಗಳಲ್ಲಿ ಆಡಿಸಿ, 2023ರಲ್ಲಿ ನಿಧನರಾದರು. ಒಂದು ಕಾಲಕ್ಕೆ ನಿಜಾಮನ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದ, ಈಗ ಕೊಪ್ಪಳ ಜಿಲ್ಲೆಗೆ ಸೇರಿದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಸಂದಿತು. ಆಂಧ್ರದ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ ಅದಕ್ಕೂ ಮೊದಲೇ, 2020ರಲ್ಲಿ, ಇದೇ ಗೌರವ ಸಂದಿತ್ತು. ಗೌರವ ಬಂದಿದೆ, ಗೊಂಬೆ ಉಳಿದಿದೆ. ಆದರೆ ಇಡೀ ರಾತ್ರಿಯ ಆಟ ಸಭಾಂಗಣದ ಒಂದು ಗಂಟೆಗೆ ಇಳಿದಾಗ ಮೊದಲು ಕತ್ತರಿಗೆ ಸಿಕ್ಕಿದ್ದು ವಿದೂಷಕನ ಭಾಗ. ರಾಮಾಯಣದ ಪದಗಳು ಬಾಯಿಪಾಠವಾಗಿ ತಲೆಮಾರಿನಿಂದ ತಲೆಮಾರಿಗೆ ಬಂದವು, ಕೆಲವು ಬರಹಕ್ಕೂ ಇಳಿದವು. ಆ ರಾತ್ರಿ, ಆ ಊರು, ಆ ಜಗಳಕ್ಕೆಂದು ಹುಟ್ಟಿದ ಕಿಳ್ಳೇಕ್ಯಾತನ ಮಾತಿಗೆ ಪಠ್ಯವೇ ಇರಲಿಲ್ಲವಾದ್ದರಿಂದ ಅದು ಹೇಳಿದವರೊಡನೆಯೇ ಹೋಯಿತು. ದಖ್ಖಣದ ಹಾಸ್ಯಚರಿತ್ರೆಗೆ ಆದ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದನ್ನು ಹೆಸರಿಸುವುದು ಕಷ್ಟ.

ಇತ್ತ ಹೈದರಾಬಾದ್ ನಗರವು 21ನೆಯ ಶತಮಾನದಲ್ಲಿ ಭಾರತದ ಅನಿಮೇಷನ್ ಉದ್ಯಮದ ಮುಖ್ಯ ನೆಲೆಗಳಲ್ಲಿ ಒಂದಾಗಿ ಬೆಳೆದಿದೆ. ಇಲ್ಲಿನ ಗ್ರೀನ್ ಗೋಲ್ಡ್ ಸಂಸ್ಥೆ 2008ರಲ್ಲಿ ಆರಂಭಿಸಿದ ‘ಛೋಟಾ ಭೀಮ್’ ಸರಣಿಯ ಬಾಲಕ ಢೋಲಕ್‌ಪುರವೆಂಬ ಕಲ್ಪಿತ ಊರಿನವನು. ಮಹಾಭಾರತದ ಭೀಮನಿಂದ ಹೆಸರನ್ನೂ ಬಲವನ್ನೂ ಹಸಿವನ್ನೂ ಪಡೆದ ಅವನು ಲಡ್ಡು ತಿಂದು ಬಲಿಷ್ಠನಾಗುತ್ತಾನೆ, ಕೆಡುಕರನ್ನು ಸೋಲಿಸುತ್ತಾನೆ, ದೇಶದ ಅನೇಕ ಮಕ್ಕಳಿಗೆ ಭೀಮನೆಂದರೆ ಈಗ ಅವನೇ. ವಿರಾಟಪರ್ವದ ಭೀಮನಾದರೋ ಅಜ್ಞಾತವಾಸದಲ್ಲಿ ಗುರುತು ಸಿಕ್ಕೀತೆಂಬ ದಿಗಿಲಿನಲ್ಲೇ ವರ್ಷ ಕಳೆಯುವ ಅಡುಗೆಯ ವಲಲ. ದ್ರೌಪದಿಯನ್ನು ಕಾಡಿದ ಕೀಚಕನನ್ನು ನರ್ತನಶಾಲೆಯ ಕತ್ತಲೆಗೆ ಕರೆಸಿ, ಗೊಂಬೆಯಾಟ ಯಕ್ಷಗಾನಗಳ ರೂಢಿಯಂತೆ ತಾನೇ ಸೀರೆಯುಟ್ಟು ಅಲ್ಲಿ ಕಾಯುತ್ತಾನೆ. ಸುಗಂಧ ಬಳಿದುಕೊಂಡು ಬಂದ ಕೀಚಕ ಕತ್ತಲಲ್ಲಿ ಕೈಚಾಚಿ ಮೀಸೆಯನ್ನು ಮುಟ್ಟುವ ಗಳಿಗೆಯಲ್ಲಿ ಪ್ರೇಕ್ಷಕರು ನಕ್ಕು ಮುಗಿಸುವ ಮೊದಲೇ ಅವನ ಎಲುಬು ಮುರಿಯುವ ಸದ್ದು ಮದ್ದಳೆಯಲ್ಲಿ ಕೇಳಬೇಕು. ಮಳೆಗಾಗಿ ಆಡಿಸುತ್ತಿದ್ದ ಆಟದ ಈ ಭೀಮನನ್ನು ಚಿತ್ರಿಸಲು ಬೇಕಾದ ಗಣಕ, ಕಲಾವಿದರು ಮತ್ತು ಬಂಡವಾಳ ಮೂರೂ ಅದೇ ನಗರದಲ್ಲಿವೆ.